ಬೋನಿನ ಕೋತಿಗೂ ಕೆಲಸ ಬೇಕು

ಊರಿಗೆ ಬಂದ ನೆಂಟರನ್ನು ಶ್ರೀ ಚಾಮರಾಜೇಂದ್ರ ಮೃಗಾಲಯಕ್ಕೆ ಕರೆದುಕೊಂಡು ಹೋಗುವುದು ಮೈಸೂರಿನವರ ಪಾಲಿಗೆ ತಪ್ಪದ ಕರ್ತವ್ಯ. ದಸರೆಯಾಗಲಿ, ಬೇಸಿಗೆ ರಜೆಯಾಗಲಿ, ಕೋತಿಗಳ ಆವರಣದ ಮುಂದೆ ನಿಂತಾಗ ಯಾರಾದರೊಬ್ಬರ ಬಾಯಿಂದ ಈ ಮಾತು ಬಂದೇ ಬರುತ್ತದೆ: "ಪುಣ್ಯ ಮಾಡಿವೆ ಕಣ್ರೀ, ಕೂತಲ್ಲಿಗೇ ಊಟ." ಆಡುವವರು ಒಳ್ಳೆಯ ಮನಸ್ಸಿನಿಂದಲೇ ಆಡುತ್ತಾರೆ. ಆದರೆ ಸೆರೆಯಲ್ಲಿರುವ ಕೋತಿಗಳಿಗೂ ಗೊರಿಲ್ಲಾ, ಚಿಂಪಾಂಜಿಯಂಥ ವಾನರಗಳಿಗೂ ಬರುವ ತೊಂದರೆಗಳಲ್ಲಿ ಎಷ್ಟೋ ಪಾಲು ಹುಟ್ಟುವುದು ಆ ಕೂತಲ್ಲಿಗೇ ಬರುವ ಊಟದಿಂದ. ಆವರಣ ಎಷ್ಟು ವಿಶಾಲವಾಗಿದೆ, ಹುಲ್ಲು ಎಷ್ಟು ಹಸಿರಾಗಿದೆ ಎಂದು ನಾವು ನೋಡುತ್ತೇವೆ. ಅದರೊಳಗಿನ ಪ್ರಾಣಿ ತನ್ನ ಹಗಲನ್ನೂ ಇರುಳನ್ನೂ ಹೇಗೆ ಕಳೆಯುತ್ತದೆ ಎಂಬುದನ್ನು ನೋಡುವವರು ಕಡಿಮೆ.

ಪಶ್ಚಿಮ ಘಟ್ಟವನ್ನು ಬಿಟ್ಟರೆ ಬೇರೆಲ್ಲಿಯೂ ಸಹಜವಾಗಿ ಇಲ್ಲದ ಸಿಂಗಳೀಕವನ್ನೇ ತೆಗೆದುಕೊಳ್ಳೋಣ. ಕಾಡಿನಲ್ಲಿ ಬೆಳಕು ಹರಿಯುತ್ತಿದ್ದಂತೆ ಅದರ ಗುಂಪು ಮರದ ನೆತ್ತಿಯ ಮೇಲೆಯೇ ಹೊರಡುತ್ತದೆ. ಹಣ್ಣು ಸಿಕ್ಕ ಕಡೆ ನಿಂತು ಗಲ್ಲದ ಚೀಲಗಳನ್ನು ತುಂಬಿಕೊಳ್ಳುತ್ತದೆ. ಸಿಗದ ಕಡೆ ಒಣಗಿ ಸುರುಳಿಯಾದ ಎಲೆಗಳನ್ನು ಬಿಡಿಸಿ, ತೊಗಟೆ ಕಿತ್ತು, ಪಾಚಿ ಕೆದಕಿ ಹುಳುಹುಪ್ಪಟೆಗಳನ್ನು ಹುಡುಕುತ್ತದೆ. ಮೈಸೂರು ವಿಶ್ವವಿದ್ಯಾಲಯದ ಪ್ರೊ. ಮೇವಾ ಸಿಂಗ್ ಮತ್ತು ಅವರ ಶಿಷ್ಯರು ದಶಕಗಳ ಕಾಲ ಘಟ್ಟದ ಕಾಡುಗಳಲ್ಲಿ ಈ ಪ್ರಾಣಿಯ ಬೆನ್ನು ಹತ್ತಿದ್ದರಿಂದ, ಅದರ ದಿನದ ದೊಡ್ಡ ಭಾಗ ಆಹಾರ ಹುಡುಕುವುದರಲ್ಲೂ ಮರದಿಂದ ಮರಕ್ಕೆ ಸಾಗುವುದರಲ್ಲೂ ಕಳೆಯುತ್ತದೆಂಬುದು ನಮಗೆ ಚೆನ್ನಾಗಿ ತಿಳಿದಿದೆ. ಅದರ ಬೆರಳು, ಕಣ್ಣು, ನೆನಪಿನ ಶಕ್ತಿ ಎಲ್ಲವೂ ಈ ಹುಡುಕಾಟಕ್ಕೆಂದೇ ರೂಪುಗೊಂಡಿವೆ. ಯಾವ ಮರ ಯಾವಾಗ ಹಣ್ಣು ಬಿಡುತ್ತದೆ ಎಂಬುದನ್ನು ಲೆಕ್ಕವಿಟ್ಟುಕೊಳ್ಳುವ ತಲೆಯ ಮುಂದೆ, ಹೆಚ್ಚಿದ ಹಣ್ಣು ತರಕಾರಿಗಳ ತಟ್ಟೆಯನ್ನು ದಿನವೂ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಇಟ್ಟರೆ ಏನಾಗಬಹುದು?

ಮೃಗಾಲಯವೊಂದರಲ್ಲಿ ಪ್ರಾಣಿಪಾಲಕರಾಗಿದ್ದು ನಿವೃತ್ತರಾದ, ಮಂಡ್ಯದ ಕಡೆಯ ಹಿರಿಯರೊಬ್ಬರು ನಮ್ಮ ಬೀದಿಯಲ್ಲಿದ್ದಾರೆ. ಸಂಜೆಯ ವಾಯುವಿಹಾರದಲ್ಲಿ ನನಗೆ ಈ ವಿಷಯದ ರುಚಿ ಹತ್ತಿಸಿದವರು ಅವರೇ. "ಮೇಷ್ಟ್ರೆ, ಅದಕ್ಕೆ ತಿನ್ನಕ್ಕೆ ಇಪ್ಪತ್ತು ನಿಮಿಷ ಸಾಕು. ಆಮೇಲೆ ಸಂಜೆ ಗಂಟ ಏನ್ ಮಾಡ್ಬೇಕು ಅದು? ಸುಮ್ನೆ ಕೂತ್ರೆ ಮನುಷ್ಯಂಗೇ ತಲೆ ಕೆಡ್ತದೆ" ಎನ್ನುವುದು ಅವರ ಮಾತು. ತಲೆ ಕೆಟ್ಟದ್ದರ ಗುರುತುಗಳನ್ನು ಅವರು ಒಂದೊಂದಾಗಿ ವಿವರಿಸುತ್ತಾರೆ: ಒಂದೇ ಗೆರೆಯ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆಯುವುದು, ತನ್ನ ಕೂದಲನ್ನು ತಾನೇ ಕಿತ್ತು ಮುಂದೋಳನ್ನು ಬೋಳಾಗಿಸಿಕೊಳ್ಳುವುದು, ಕೈಯನ್ನು ಕಚ್ಚಿಕೊಳ್ಳುವುದು, ಮರಿಯಾಗಿದ್ದಾಗ ಒಂಟಿಯಾಗಿ ಬೆಳೆದ ಪ್ರಾಣಿಯಾದರೆ ಮೊಣಕಾಲು ತಬ್ಬಿ ತೂಗಾಡುವುದು. ನೋಡುವ ಜನ ಇದನ್ನು ಕೋತಿಚೇಷ್ಟೆ ಎಂದುಕೊಂಡು ನಗುತ್ತಾರೆ. ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳುವವರೂ ಉಂಟು.

ಕೆಲಸಕ್ಕಾಗಿ ಹಂಬಲಿಸುವುದು ಹೊಟ್ಟೆಯ ಹಸಿವಿಗಿಂತ ಬೇರೆಯೇ ಆದ ಹಸಿವು ಎಂಬುದಕ್ಕೆ ಹಳೆಯ ಸಾಕ್ಷ್ಯವಿದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹ್ಯಾರಿ ಹಾರ್ಲೋ ಮತ್ತು ಸಂಗಡಿಗರು ರೀಸಸ್ ಕೋತಿಗಳ ಮುಂದೆ ಕೊಂಡಿ, ಕೀಲು, ಅಗುಳಿಗಳಿಂದ ಕೂಡಿದ ಒಗಟಿನ ಸಾಧನಗಳನ್ನು ಇಟ್ಟು, ಬಿಡಿಸಿದ್ದಕ್ಕೆ ಯಾವ ತಿಂಡಿಯನ್ನೂ ಕೊಡಲಿಲ್ಲ. ಆದರೂ ಕೋತಿಗಳು ಮತ್ತೆ ಮತ್ತೆ ಅದನ್ನು ಬಿಡಿಸುತ್ತಲೇ ಇದ್ದವೆಂದು ಅವರು 1950ರಲ್ಲಿ ಪ್ರಕಟಿಸಿದರು. ಇದೇ ಹಾರ್ಲೋ ಮುಂದೆ ಮರಿಗಳನ್ನು ತಾಯಿಯಿಂದ ಅಗಲಿಸಿ, ಕೆಲವನ್ನು ತಿಂಗಳುಗಟ್ಟಲೆ ಒಂಟಿಯಾಗಿ ಕೂಡಿಹಾಕಿ ಪ್ರಯೋಗ ನಡೆಸಿದವರು. ಕೋತಿಯ ಮನಸ್ಸು ಎಷ್ಟು ಸೂಕ್ಷ್ಮವೆಂದು ತಿಳಿಯುವುದಕ್ಕೆ ಅದನ್ನು ಅಷ್ಟೊಂದು ನರಳಿಸಬೇಕಾಗಿತ್ತೇ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. 1985ರಲ್ಲಿ ಅಮೆರಿಕವು ತನ್ನ ಪ್ರಾಣಿ ಕಲ್ಯಾಣ ಕಾಯ್ದೆಗೆ ತಿದ್ದುಪಡಿ ತಂದು, ಪ್ರಯೋಗಾಲಯದಲ್ಲಿರುವ, ಕೋತಿ ವಾನರಗಳ ಬಳಗಕ್ಕೆ ಸೇರಿದ ಪ್ರೈಮೇಟ್‌ಗಳ ಮಾನಸಿಕ ನೆಮ್ಮದಿಗೂ ವ್ಯವಸ್ಥೆ ಮಾಡಲೇಬೇಕೆಂದು ವಿಧಿಸಿತು.

ಆಹಾರದ ವಿಚಾರಕ್ಕೆ ಬಂದರೆ, ನಮ್ಮ ಸೀಮೆಯಲ್ಲಿ ಕೋತಿ ಎಂದೊಡನೆ ಕೈ ಹೋಗುವುದು ಬಾಳೆಹಣ್ಣಿನ ಚಿಪ್ಪಿಗೆ. ಚಾಮುಂಡಿ ಬೆಟ್ಟದ ಮೆಟ್ಟಿಲುಗಳಲ್ಲಿ ಕೋತಿಗೆ ಬಾಳೆಹಣ್ಣು ಕೊಟ್ಟರೆ ಹನುಮಂತನಿಗೆ ಮುಟ್ಟುತ್ತದೆಂಬ ನಂಬಿಕೆ ಎಷ್ಟೋ ಮನೆಗಳಲ್ಲಿದೆ. ನಾವು ತಿನ್ನುವ ಹಣ್ಣುಗಳು ಮನುಷ್ಯನ ನಾಲಿಗೆಗೆಂದು ತಲೆತಲಾಂತರದಿಂದ ಆರಿಸಿ ಬೆಳೆಸಿದವು. ಕಾಡಿನ ಹಣ್ಣುಗಳಲ್ಲಿ ಅಷ್ಟು ಸಿಹಿಯಿಲ್ಲ, ನಾರು ಮಾತ್ರ ಹೆಚ್ಚು. ಇಂಗ್ಲೆಂಡಿನ ಪೇಯ್ನ್‌ಟನ್ ಮೃಗಾಲಯ 2014ರಲ್ಲಿ ತನ್ನ ಕೋತಿಗಳಿಗೆ ಬಾಳೆಹಣ್ಣು ಕೊಡುವುದನ್ನೇ ನಿಲ್ಲಿಸಿ, ಸೊಪ್ಪು ತರಕಾರಿಗಳನ್ನು ಹೆಚ್ಚಿಸಿದ್ದಕ್ಕೆ ಇದೇ ಕಾರಣ. ಬೊಜ್ಜು, ಸಕ್ಕರೆ ಕಾಯಿಲೆ, ಹಲ್ಲು ಹುಳುಕಾಗುವುದು ಇವು ಸೆರೆಯ ಕೋತಿಗಳಿಗೂ ಬರುತ್ತವೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಮೃಗಾಲಯದ ಗೊರಿಲ್ಲಾಗಳ ಕಥೆ ಇನ್ನೂ ಬೋಧಪ್ರದವಾಗಿದೆ. ಸಕ್ಕರೆ, ಪಿಷ್ಟಗಳಿಂದ ಕೂಡಿದ ಬಿಸ್ಕತ್ತುಗಳನ್ನು ಬಿಡಿಸಿ, ರಾಶಿ ರಾಶಿ ಸೊಪ್ಪು, ಎಲೆ, ರೆಂಬೆಗಳನ್ನು ಕೊಟ್ಟದ್ದರಿಂದ ಎರಡು ಗಂಡು ಗೊರಿಲ್ಲಾಗಳು ತಲಾ ಸುಮಾರು 29 ಕಿಲೋ ತೂಕ ಇಳಿಸಿಕೊಂಡವೆಂದು 2011ರಲ್ಲಿ ಅಲ್ಲಿಂದ ವರದಿಯಾಯಿತು. ತೂಕಕ್ಕಿಂತ ನನಗೆ ಮುಖ್ಯವಾಗಿ ಕಂಡದ್ದು ಬೇರೆಯದು. ಮೊದಲು ದಿನದ ಕಾಲು ಭಾಗವಷ್ಟೇ ತಿನ್ನುವುದರಲ್ಲಿ ಕಳೆಯುತ್ತಿದ್ದ ಅವು, ಸೊಪ್ಪಿಗೆ ಬದಲಾದ ಮೇಲೆ ದಿನದ ಅರ್ಧಕ್ಕೂ ಹೆಚ್ಚು ಹೊತ್ತು ಆರಿಸುತ್ತ, ಸುಲಿಯುತ್ತ, ಅಗಿಯುತ್ತ ಕಳೆಯತೊಡಗಿದವು. ತಿಂದದ್ದನ್ನು ಹೊರಗೆ ಕಕ್ಕಿ ಮತ್ತೆ ತಿನ್ನುವ, ಸೆರೆಯ ಗೊರಿಲ್ಲಾಗಳಲ್ಲಿ ಸಾಮಾನ್ಯವಾದ ಅಸಹಜ ಚಟ ಬಿಟ್ಟುಹೋಯಿತು.

ಹೀಗೆ ಪ್ರಾಣಿಯ ಹೊತ್ತನ್ನು ಅದರ ಸ್ವಭಾವಕ್ಕೆ ಒಪ್ಪುವ ಕೆಲಸದಿಂದ ತುಂಬುವುದನ್ನೇ ಮೃಗಾಲಯದವರು ಎನ್‌ರಿಚ್‌ಮೆಂಟ್ ಎನ್ನುತ್ತಾರೆ. ಈ ಹೆಸರನ್ನು ಕೇಳಿ ದುಬಾರಿ ಉಪಕರಣಗಳನ್ನು ಕಲ್ಪಿಸಿಕೊಳ್ಳಬೇಕಿಲ್ಲ. ನಮ್ಮ ಹಿರಿಯರು ಒಮ್ಮೆ ನನ್ನೆದುರೇ ಇದನ್ನು ಮಾಡಿ ತೋರಿಸಿದರು. ಮದ್ದೂರಿನ ಎಳನೀರು ಕುಡಿದು ನಾವು ಬಿಸಾಡುವ ಬುರುಡೆಯನ್ನು ಚೆನ್ನಾಗಿ ಒಣಗಿಸಿ, ಬದಿಯಲ್ಲಿ ಎರಡು ಬೆರಳು ತೂರುವಷ್ಟು ತೂತು ಕೊರೆದು, ಒಳಗೆ ಮೊಳಕೆ ಬಂದ ಹುರುಳಿಯನ್ನೂ ಸಿಪ್ಪೆ ಸುಲಿಯದ ಕಡಲೆಕಾಯಿಯನ್ನೂ ಹಾಕಿ, ಮೇಲೆ ಒಣಹುಲ್ಲನ್ನು ಗಿಡಿದು ತುಂಬಿದರು. ತೂತು ದೊಡ್ಡದಾದರೆ ಕೋತಿ ಬುರುಡೆಯನ್ನು ಬೋರಲು ಹಾಕಿ ಒಂದೇ ನಿಮಿಷದಲ್ಲಿ ಖಾಲಿ ಮಾಡಿಬಿಡುತ್ತದೆ; ತೀರ ಚಿಕ್ಕದಾದರೆ ಎರಡು ಸಲ ಕೈ ಹಾಕಿ ನೋಡಿ, ಸಿಟ್ಟಿಗೆದ್ದು ಎತ್ತಿ ಬಿಸಾಡುತ್ತದೆ. ಸರಿಯಾದ ಅಳತೆಯಲ್ಲಿದ್ದಾಗ ಅದು ಮೊದಲು ಬುರುಡೆಯನ್ನು ಕಿವಿಯ ಬಳಿ ಅಲ್ಲಾಡಿಸುತ್ತದೆಯಂತೆ, ಆಮೇಲೆ ಒಂದು ಕಣ್ಣನ್ನು ತೂತಿಗೆ ಒತ್ತಿ ನೋಡುತ್ತದೆಯಂತೆ, ಕೊನೆಗೆ ತೋರುಬೆರಳಿನಿಂದ ಹುಲ್ಲನ್ನು ಎಳೆ ಎಳೆಯಾಗಿ ಹೊರಗೆಳೆದು, ಪ್ರತಿಯೊಂದು ಎಳೆಗೂ ಕಾಳು ಅಂಟಿದೆಯೇ ಎಂದು ಪರೀಕ್ಷಿಸುತ್ತದೆಯಂತೆ. ಆ ಕಡೆಯ ಹಂತವನ್ನು ಅವರು ತಮ್ಮ ಬೆರಳಿನಿಂದಲೇ ಅಭಿನಯಿಸಿದಾಗ, ಬೀದಿಯ ಹುಡುಗರು ಸುತ್ತ ಸೇರಿದ್ದರು.

ಇದಕ್ಕಿಂತ ಸುಲಭವಾದದ್ದು ನೆಲದ ಹಾಸು. ಸಿಮೆಂಟ್ ನೆಲವನ್ನು ದಿನವೂ ನೀರು ಹಾಯಿಸಿ ತೊಳೆಯುವುದೇ ಶುಚಿತ್ವವೆಂದು ಬಹುಕಾಲ ನಂಬಲಾಗಿತ್ತು. 1982ರಲ್ಲಿ ಪ್ರಕಟವಾದ ಅಧ್ಯಯನವೊಂದು ಎಂಟು ಜಾತಿಯ ಪ್ರೈಮೇಟ್‌ಗಳಿಗೆ ಮರದ ಚಕ್ಕೆಗಳ ದಪ್ಪ ಹಾಸನ್ನು ಹಾಕಿ, ಅದರಲ್ಲಿ ಕಾಳು ಚೆಲ್ಲಿ ನೋಡಿದಾಗ, ಜಗಳ ಕಡಿಮೆಯಾಗಿ ಹುಡುಕಾಟ ಹೆಚ್ಚಾಯಿತೆಂದೂ, ಹಳೆಯದಾದ ಹಾಸು ರೋಗಾಣುಗಳನ್ನು ಬೆಳೆಯಗೊಡದೆ ತಡೆಯಿತೆಂದೂ ತೋರಿಸಿಕೊಟ್ಟಿತು. ಭತ್ತದ ಹುಲ್ಲಿಗೆ ಮಂಡ್ಯ ಜಿಲ್ಲೆಯಲ್ಲಿ ಬರವಿಲ್ಲ. ಒಂದು ಹಿಡಿ ರಾಗಿಯನ್ನೋ ಜೋಳವನ್ನೋ ಹುಲ್ಲಿನೊಳಗೆ ಎರಚಿದರೆ ಗುಂಪಿನ ಎಲ್ಲರಿಗೂ ಅರ್ಧ ದಿನದ ಕೆಲಸ ಸಿಗುತ್ತದೆ. ಎಲ್ಲರಿಗೂ ಎಂಬುದು ಇಲ್ಲಿ ಮುಖ್ಯ. ಕೋತಿಗಳಲ್ಲಿ ಮೇಲುಕೀಳಿನ ಶ್ರೇಣಿ ಬಹಳ ಬಿಗಿ. ಒಂದೇ ಬುರುಡೆಯನ್ನು ತೂಗುಹಾಕಿದರೆ ಯಜಮಾನ ಗಂಡು ಅದನ್ನು ತಬ್ಬಿಕೊಂಡು ಕೂರುತ್ತದೆ, ಕೆಳಗಿನ ದರ್ಜೆಯ ಹೆಣ್ಣು ಮರಿಯನ್ನು ಅವಚಿಕೊಂಡು ದೂರದಿಂದ ನೋಡುತ್ತದೆ. ಆದ್ದರಿಂದ ಸಾಧನಗಳ ಸಂಖ್ಯೆ ಪ್ರಾಣಿಗಳ ಸಂಖ್ಯೆಗಿಂತ ಹೆಚ್ಚಿರಬೇಕು, ಒಂದರಿಂದ ಒಂದಕ್ಕೆ ಅಂತರವೂ ಇರಬೇಕು. ಹುಲ್ಲು ಒದ್ದೆಯಾಗಿ ಬೂಷ್ಟು ಹಿಡಿದರೆ ಉಸಿರಾಟದ ಕಾಯಿಲೆ ಬರುತ್ತದೆ. ಉದ್ದನೆಯ ಹಗ್ಗ ಕುಣಿಕೆಯಾಗಿ ಮರಿಯ ಕುತ್ತಿಗೆಗೆ ಬೀಳಬಹುದು. ನೈಲಾನ್ ಎಳೆ ಹೊಟ್ಟೆಗೆ ಹೋದರೆ ಕರುಳು ಕಟ್ಟಿಕೊಳ್ಳುತ್ತದೆ. ಅಗ್ಗವಾದ ಉಪಾಯಗಳನ್ನು ಅಗ್ಗದ ಮನಸ್ಸಿನಿಂದ ಮಾಡಲಾಗದು.

ಕಾಡುಪಾಪನ ವಿಷಯದಲ್ಲಿ ಎಚ್ಚರಿಕೆ ಇನ್ನೊಂದು ಬಗೆಯದು. ನಮ್ಮ ಸುತ್ತಿನ ಕುರುಚಲು ಕಾಡುಗಳಲ್ಲೂ ತೋಪುಗಳಲ್ಲೂ ಇರುವ, ಮಾಟಮಂತ್ರದ ಮೂಢನಂಬಿಕೆಗೆ ಬಲಿಯಾಗಿ ಹಿಂಸೆಗೊಳಗಾಗುವ ಈ ನಿಶಾಚರಿ ಮುಖ್ಯವಾಗಿ ಕೀಟಭಕ್ಷಕ. ರಕ್ಷಿಸಿ ತಂದ ಕಾಡುಪಾಪಕ್ಕೆ ಬಾಳೆಹಣ್ಣು ಕೊಟ್ಟು, ಹಗಲಿಡೀ ದೀಪದ ಕೆಳಗಿಟ್ಟರೆ ಅದು ಉಪಕಾರವೆನಿಸದು. ಜೀವಂತ ಮಿಡತೆಗಳು, ತೆಳ್ಳನೆಯ ರೆಂಬೆಗಳ ಹೆಣಿಗೆ, ಕತ್ತಲು, ನಿಶ್ಶಬ್ದ ಇಷ್ಟಾದರೆ ಅದರ ಬೇಡಿಕೆಗಳು ಬಹುಮಟ್ಟಿಗೆ ಪೂರೈಸಿದಂತೆ.

ಹುಲ್ಲು, ಬುರುಡೆ, ಸೊಪ್ಪು ಇವೆಲ್ಲಕ್ಕಿಂತ ದೊಡ್ಡದು ಸಂಗಾತಿ. ಮೈಸೂರಿನ ಹಳಬರಿಗೆ ಪೋಲೋ ಎಂಬ ಗೊರಿಲ್ಲಾ ನೆನಪಿರಬೇಕು. 1995ರಲ್ಲಿ ಐರ್ಲೆಂಡಿನ ಡಬ್ಲಿನ್ ಮೃಗಾಲಯದಿಂದ ಬಂದ ಅವನು 2014ರಲ್ಲಿ ಸಾಯುವವರೆಗೂ ಬಹುಕಾಲ ಒಂಟಿಯಾಗಿಯೇ ಇದ್ದ. ಅವನಿಗೊಬ್ಬಳು ಜೊತೆಗಾತಿಯನ್ನು ತರುವ ಪ್ರಯತ್ನಗಳ ಸುದ್ದಿಯನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೆವು. ಅಳಿವಿನಂಚಿನ ಪ್ರಾಣಿಗಳನ್ನು ಜಗತ್ತಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಕಳಿಸುವುದು ಕಾಗದಪತ್ರಗಳ ದೃಷ್ಟಿಯಿಂದಲೂ ಪ್ರಾಣಿಯ ಹಿತದ ದೃಷ್ಟಿಯಿಂದಲೂ ಸುಲಭವಲ್ಲವಾದ್ದರಿಂದ ಆ ಪ್ರಯತ್ನಗಳು ಫಲಿಸಲಿಲ್ಲ. 2021ರಲ್ಲಿ ಜರ್ಮನಿಯಿಂದ ಥಾಬೊ, ಡೆಂಬ ಎಂಬ ಎರಡು ಗಂಡು ಗೊರಿಲ್ಲಾಗಳು ಒಟ್ಟಿಗೇ ಬಂದಾಗ, ಹೆಣ್ಣಿಲ್ಲದೆ ಎರಡೂ ಗಂಡನ್ನೇ ತಂದರೇಕೆ ಎಂದು ಕೇಳಿದವರು ಹಲವರು. ಗೊರಿಲ್ಲಾ ಕುಟುಂಬದಲ್ಲಿ ಸಾಮಾನ್ಯವಾಗಿ ವಯಸ್ಕ ಗಂಡು ಒಂದೇ. ಹುಟ್ಟುವ ಮರಿಗಳಲ್ಲಿಯಾದರೋ ಗಂಡು ಹೆಣ್ಣುಗಳು ಹೆಚ್ಚುಕಡಿಮೆ ಸಮಸಮ. ಉಳಿದ ಗಂಡುಗಳನ್ನು ಒಂಟಿಯಾಗಿ ಕೂಡಿಹಾಕುವ ಬದಲು ಬ್ರಹ್ಮಚಾರಿಗಳ ಗುಂಪುಗಳನ್ನು ಕಟ್ಟುವುದು ಜಗತ್ತಿನ ಮೃಗಾಲಯಗಳು ಕಂಡುಕೊಂಡ ದಾರಿ. ವಂಶಾಭಿವೃದ್ಧಿ ಆಗದಿದ್ದರೂ ಬೆನ್ನು ಕೆರೆಯುವುದಕ್ಕೆ, ಅಟ್ಟಾಡಿಸುವುದಕ್ಕೆ, ಮುನಿಸಿಕೊಳ್ಳುವುದಕ್ಕೆ ಒಬ್ಬರಿಗೊಬ್ಬರು ಇರುತ್ತಾರೆ.

ಗೊರಿಲ್ಲಾದ ಒಂಟಿತನಕ್ಕೆ ಮರುಗಿದ ಊರಿನಲ್ಲೇ, ರಸ್ತೆಯಲ್ಲಿ ತಾಯಿ ಸತ್ತ ಕೋತಿಮರಿಯನ್ನು ಕನಿಕರದಿಂದ ಮನೆಗೆ ತಂದು ಸೊಂಟಕ್ಕೆ ಸರಪಳಿ ಹಾಕಿ ಕಟ್ಟುವವರೂ ಇದ್ದಾರೆ. ಮರಿಯಾಗಿದ್ದಾಗ ಮಡಿಲಲ್ಲಿ ಮಲಗುವ ಅದು ಪ್ರಾಯಕ್ಕೆ ಬಂದೊಡನೆ ಕಚ್ಚತೊಡಗುತ್ತದೆ; ಆಗ ಅರಣ್ಯ ಇಲಾಖೆಗೆ ಫೋನ್ ಹೋಗುತ್ತದೆ. ಹಾಗೆ ಬಂದ ಕೋತಿಗೆ ತನ್ನ ಜಾತಿಯ ಭಾಷೆಯೇ ಬಾರದು: ಹುಬ್ಬೇರಿಸಿ ದಿಟ್ಟಿಸುವುದು ಬೆದರಿಕೆಯೆಂದಾಗಲಿ, ತುಟಿ ಚಪ್ಪರಿಸುವುದು ಸ್ನೇಹವೆಂದಾಗಲಿ ಅದು ಕಲಿತಿರುವುದಿಲ್ಲ. ಅದನ್ನು ನೇರವಾಗಿ ದೊಡ್ಡ ಗುಂಪಿಗೆ ಬಿಟ್ಟರೆ ಕಚ್ಚಿ ಸಾಯಿಸುತ್ತವೆ. ಮೊದಲು ಜಾಲರಿಯ ಆಚೀಚೆ ಇಟ್ಟು, ಮುಖ ನೋಡಿ ಅಭ್ಯಾಸವಾದ ಮೇಲೆ ಶಾಂತ ಸ್ವಭಾವದ ಒಂದು ಪ್ರಾಣಿಯ ಜೊತೆ ಸೇರಿಸಿ, ವಾರಗಟ್ಟಲೆ ಕಾಯ್ದು ಗುಂಪು ಕಟ್ಟಬೇಕಾಗುತ್ತದೆ. ಕೋತಿಯನ್ನು ಕುಣಿಸಿ ಸಂಪಾದಿಸುವುದನ್ನು 1998ರ ಕೇಂದ್ರ ಸರ್ಕಾರದ ಅಧಿಸೂಚನೆ ನಿಷೇಧಿಸಿತು. ಪ್ರೀತಿಯ ಹೆಸರಿನಲ್ಲಿ ಹಾಕುವ ಸರಪಳಿಗೆ ಜನರ ಮನಸ್ಸಿನಲ್ಲಿ ಇನ್ನೂ ಅಂಥ ನಿಷೇಧ ಬಿದ್ದಿಲ್ಲ.

ನಾವು ಕಾಣದ ಹೊತ್ತಿನ ಮಾತು ಇನ್ನೂ ಉಳಿದಿದೆ. ಮೈಸೂರು ಮೃಗಾಲಯ ತೆರೆದಿರುವುದು ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಐದೂವರೆಯವರೆಗೆ. ಮೃಗಾಲಯಗಳಲ್ಲಿ ಸಾಮಾನ್ಯವಾಗಿ ಬಾಗಿಲು ಹಾಕುವ ಹೊತ್ತಿಗೆ ಪ್ರಾಣಿಗಳನ್ನು ಹಿಂದಿನ ನೈಟ್ ಹೌಸ್‌ಗೆ ಕರೆದುಕೊಳ್ಳುತ್ತಾರೆ. ಅಂದರೆ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಹದಿನಾಲ್ಕು ಹದಿನೈದು ಗಂಟೆ ಪ್ರಾಣಿ ಇರುವುದು ನಮಗೆ ಕಾಣದ ಕೋಣೆಯಲ್ಲಿ. ದಾನಿಗಳ ಹೆಸರಿನ ಫಲಕ ಇರುವುದು ಮುಂದಿನ ಆವರಣದಲ್ಲಿ, ಪ್ರಾಣಿಯ ಬದುಕಿನ ದೊಡ್ಡ ಪಾಲು ಕಳೆಯುವುದು ಹಿಂದಿನ ಕೋಣೆಯಲ್ಲಿ. ಒರಾಂಗುಟಾನ್, ಚಿಂಪಾಂಜಿ, ಗೊರಿಲ್ಲಾ ಈ ಮೂರೂ ಕಾಡಿನಲ್ಲಿ ಪ್ರತಿ ಸಂಜೆ ರೆಂಬೆ ಸೊಪ್ಪುಗಳನ್ನು ಬಾಗಿಸಿ, ಹೆಣೆದು, ಮಲಗುವ ಗೂಡನ್ನು ಹೊಸದಾಗಿ ಕಟ್ಟಿಕೊಳ್ಳುತ್ತವೆ. ಅವುಗಳನ್ನು ಬರಿಯ ಸಿಮೆಂಟ್ ಕಟ್ಟೆಯ ಮೇಲೆ ಮಲಗಿಸುವುದೆಂದರೆ ಪ್ರತಿ ಸಂಜೆಯ ಕಸುಬನ್ನು ಕಸಿದುಕೊಂಡಂತೆ. ಒಣಹುಲ್ಲು, ಸೊಪ್ಪಿನ ಕೊಂಬೆ, ನಾಲ್ಕಾರು ಗೋಣಿಚೀಲ ಕೊಟ್ಟರೆ ಸಾಕು, ಒರಾಂಗುಟಾನ್ ಅವನ್ನು ತಾನೇ ಜೋಡಿಸಿಕೊಂಡು, ಒಂದನ್ನು ತಲೆಯ ಮೇಲೆ ಮುಸುಕು ಹಾಕಿಕೊಂಡು ಮಲಗುತ್ತದೆ.

ನೋಡುಗರಾದ ನಮ್ಮ ಪಾಲೂ ಇದರಲ್ಲಿದೆ. ಭಾರತದ ಮೃಗಾಲಯಗಳ ಸಿಂಗಳೀಕಗಳನ್ನು ಗಮನಿಸಿದ, 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜನರೆದುರು ಇರುವಾಗ ಅಸಹಜ ನಡವಳಿಕೆಗಳು ಹೆಚ್ಚಾಗುತ್ತವೆಂದು ಕಂಡುಬಂದಿತ್ತು. ಕೋತಿ ಹೆದರಿದಾಗ ಮೇಲಕ್ಕೆ ಏರುವ ಪ್ರಾಣಿ. ಜನರಿಗಿಂತ ಎತ್ತರದಲ್ಲಿ ಕೂರುವ ಕೊಂಬೆ, ಬೇಡವೆನಿಸಿದಾಗ ಮರೆಯಾಗಲು ಒಂದು ಪೊದೆ ಇದ್ದರೆ ಅದರ ಅರ್ಧ ಅಂಜಿಕೆ ಕಳೆಯುತ್ತದೆ. ಆದರೆ ಪ್ರಾಣಿ ಮರೆಯಾದೊಡನೆ ಟಿಕೆಟ್ ದುಡ್ಡು ದಂಡವಾಯಿತೆಂದು ಗೊಣಗುವವರು ನಾವು. ಶಿಳ್ಳೆ ಹಾಕುವವರು, ಕಲ್ಲು ಎಸೆಯುವವರು, ಕುರುಕಲು ತಿಂಡಿ ಎಸೆಯುವವರೂ ನಾವೇ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 38ಜೆ ಕಲಮಿನ ಪ್ರಕಾರ ಮೃಗಾಲಯದ ಪ್ರಾಣಿಯನ್ನು ಕೆಣಕುವುದು, ಅದಕ್ಕೆ ತಿನಿಸುವುದು, ಗದ್ದಲದಿಂದ ಕಾಡುವುದು ಎಲ್ಲವೂ ಅಪರಾಧ. ಕ್ಷಯದಂಥ ರೋಗಗಳು ನಮ್ಮಿಂದ ಅವಕ್ಕೆ ಹರಡುತ್ತವೆ ಎಂಬ ಕಾರಣವೊಂದೇ ಸಾಕು, ಎಂಜಲು ಎಸೆಯುವ ಕೈಯನ್ನು ತಡೆಯಲು. ಮೈಸೂರು ಮೃಗಾಲಯಕ್ಕೆ ಮಂಗಳವಾರ ರಜೆ. ಆ ದಿನ ಸಿಂಗಳೀಕಗಳು ಹೇಗಿರುತ್ತವೆ ಎಂದು ನೋಡುವ ಆಸೆ ನನಗಿದೆ, ನೋಡಲು ಹೋದರೆ ಅದು ರಜೆಯೇ ಆಗದು.

ಒಂದು ಸಾಧನವನ್ನು ಇಟ್ಟ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಹತ್ತು ವರ್ಷದಿಂದ ಅಲ್ಲೇ ತೂಗುತ್ತಿರುವ ಟೈರು ಕೋತಿಯ ಪಾಲಿಗೆ ಗೋಡೆಯಿದ್ದಂತೆ, ಅದರಲ್ಲಿ ಹೊಸತೇನೂ ಇಲ್ಲ. ಐದೈದು ನಿಮಿಷಕ್ಕೊಮ್ಮೆ ಯಾವ ಪ್ರಾಣಿ ಏನು ಮಾಡುತ್ತಿದೆ ಎಂದು ಒಂದು ಹಾಳೆಯಲ್ಲಿ ಗುರುತು ಹಾಕುತ್ತ ಹೋದರೆ, ಸಾಧನ ಇಡುವುದಕ್ಕೆ ಮೊದಲು ಮತ್ತು ಆಮೇಲೆ ಏನು ಬದಲಾಯಿತೆಂಬುದು ಕಣ್ಣಿಗೆ ಕಟ್ಟುತ್ತದೆ. ಪಾಲಕರಿಗೆ ಕೈತುಂಬ ಕೆಲಸವಿರುವ ಕಡೆ ಈ ಹಾಳೆ ತುಂಬುವವರು ಯಾರು ಎಂಬ ಪ್ರಶ್ನೆ ನ್ಯಾಯವಾದದ್ದೇ. ಮೈಸೂರಿನಷ್ಟು ಕಾಲೇಜುಗಳಿರುವ ಊರಿನಲ್ಲಿ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ತೋಚುತ್ತಿಲ್ಲ.

ಮೃಗಾಲಯದ ದತ್ತು ಯೋಜನೆಯಲ್ಲಿ ಹಣ ಕೊಡುವ ಗೆಳೆಯರು ಬೇರೆ ಏನು ಮಾಡಬಹುದೆಂದು ಕೇಳುತ್ತಿರುತ್ತಾರೆ. ನಮ್ಮ ಹಿರಿಯರ ಉತ್ತರ ಹಿಪ್ಪುನೇರಳೆ. ಮೈಸೂರು, ಮಂಡ್ಯ ಎರಡೂ ರೇಷ್ಮೆಯ ಸೀಮೆ. ಎಲೆ ತಿನ್ನುವ ಕೋತಿಗಳಿಗೂ ವಾನರಗಳಿಗೂ ಹಿಪ್ಪುನೇರಳೆ ಸೊಪ್ಪು ಬಲು ಇಷ್ಟ, ಎಲೆ ಮುಗಿದ ಮೇಲೆ ಕಡ್ಡಿಯ ಸಿಪ್ಪೆ ಸುಲಿಯುವ ಕೆಲಸ ಬೇರೆ. ಕೀಟನಾಶಕ ಬಿದ್ದ ಎಲೆಯನ್ನು ತಿಂದರೆ ಮೊದಲು ಸಾಯುವುದು ರೇಷ್ಮೆಹುಳುವೇ ಆದ್ದರಿಂದ, ಹುಳು ಸಾಕುವವರ ತೋಟದ ಸೊಪ್ಪು ಬೇರೆ ಬೆಳೆಗಳಿಗಿಂತ ನಂಬಿಕೆಗೆ ಅರ್ಹ. ಹುಳುಮನೆಯ ತಟ್ಟೆಯಲ್ಲಿ ಮಿಕ್ಕದ್ದಕ್ಕೆ ಸುಣ್ಣ, ಬ್ಲೀಚಿಂಗ್ ಪುಡಿ ತಾಗಿರುತ್ತದೆ, ಅದು ಬೇಡ. ತೋಟದಿಂದ ನೇರವಾಗಿ ಕೊಯ್ದದ್ದೇ ಬೇಕು. ಯಾರೂ ತಾವಾಗಿಯೇ ಸೊಪ್ಪಿನ ಹೊರೆ ಹೊತ್ತು ಗೇಟಿನ ಮುಂದೆ ನಿಲ್ಲುವುದೂ ಸರಿಯಲ್ಲ, ಏನು ಎಷ್ಟು ಬೇಕೆಂದು ಹೇಳಬೇಕಾದವರು ಅಲ್ಲಿನ ಪಶುವೈದ್ಯರು. ಅವರ ಒಪ್ಪಿಗೆ ಸಿಕ್ಕ ಕಡೆ, ಸೊಪ್ಪು ಕಟಾವಿನ ಸರದಿಯನ್ನು ನಾಲ್ಕೈದು ರೈತರ ನಡುವೆ ಹಂಚಿಕೊಂಡರೆ ವಾರಕ್ಕೊಂದು ಹೊರೆ ತಪ್ಪದೆ ಬರುವಂತೆ ನೋಡಿಕೊಳ್ಳಬಹುದೆಂದು ನಮ್ಮ ಹಿರಿಯರು ಲೆಕ್ಕ ಹಾಕಿ ಇಟ್ಟಿದ್ದಾರೆ.